ಮೂರು ಕಾಲಿನ ಅಳಿಯ

ನನ್ನ ಷಡ್ಡಕನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇತ್ತು ಎಂದು ಬರೆದೆನಾದರೂ ಈಗಲೂ ಪೂರ್ತಿ ಆರಿದೆ ಎಂದು ಹೇಳಲಾರೆ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ಹಾವೇರಿಯವನು, ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಸಿಕ್ಕಾಗಲೆಲ್ಲ ‘ಅಣ್ಣಾರ’ ಎಂದು ಎರಡೂ ಕೈ ಹಿಡಿದು ಮಾತಾಡಿಸುತ್ತಿದ್ದ. ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾದರೆ ಮನುಷ್ಯ ಬಹಳ ಕಷ್ಟಪಡಬೇಕು. ನಾನು ಪಟ್ಟೆ.

ನಮ್ಮಿಬ್ಬರ ನಡುವೆ ಇದ್ದದ್ದು ಬ್ಯಾಡಗಿಯ ಒಂದು ಮನೆ. ರೈಲು ಹಳಿಯ ಮೇಲೆ ನೋಡಿದರೆ ಅವನ ಹಾವೇರಿ ಒಂದು ಬದಿ, ನನ್ನ ರಾಣೇಬೆನ್ನೂರು ಇನ್ನೊಂದು ಬದಿ, ನಟ್ಟನಡುವೆ ಬ್ಯಾಡಗಿ. ಹಬ್ಬಕ್ಕೆ ಇಬ್ಬರು ಅಳಿಯಂದಿರೂ ಎರಡು ದಿಕ್ಕಿನಿಂದ ಬಂದು ಇಳಿಯುತ್ತಿದ್ದೆವು. ನನ್ನ ಗಾಡಿ ಎಂದಾದರೂ ಮೊದಲು ಬಂದರೆ ಅದನ್ನೇ ಒಂದು ಗೆಲುವೆಂದು ತಿಳಿದು, ಹೆಂಡತಿಯನ್ನೂ ಮಗುವನ್ನೂ ಹಿಂದೆ ಬಿಟ್ಟು ಬಿರಬಿರನೆ ನಡೆದುಬಿಡುತ್ತಿದ್ದೆ.

ಆ ಮನೆಯ ಯಜಮಾನಿ ಅವನಿಗೆ ಬರೀ ಹೆಂಡತಿಯ ತಾಯಿ. ನನಗೆ ಹಾಗಲ್ಲ. ಅವಳು ನನ್ನ ತಂದೆಯ ಅಕ್ಕ, ನನ್ನ ಸೋದರತ್ತೆ. ನನ್ನ ಅವ್ವ ತೀರಿಕೊಂಡಾಗ ನನಗಿನ್ನೂ ಮಾತು ಸಹ ಬಂದಿರಲಿಲ್ಲವಂತೆ. ಅತ್ತೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬ್ಯಾಡಗಿಗೆ ಕರೆತಂದಳು. ಅವಳ ಕೈತುತ್ತು ತಿಂದು, ಅವಳ ಸೆರಗಿಗೆ ಮೂಗು ಒರೆಸಿ ಬೆಳೆದವನು ನಾನು. ದೊಡ್ಡವನಾಗಿ ರಾಣೇಬೆನ್ನೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾದ ಮೇಲೆ ಅವಳ ಹಿರಿಮಗಳನ್ನೇ ನನಗೆ ಕೊಟ್ಟರು. ನಮ್ಮ ಕಡೆ ಇದು ನಡೆದು ಬಂದ ಪದ್ಧತಿ, ಯಾರೂ ಹುಬ್ಬೇರಿಸಲಿಲ್ಲ. ಅತ್ತೆ ನನಗೆ ಎರಡು ಸಲ ಅತ್ತೆಯಾದಳು ಎಂದು ನಾನೊಬ್ಬನೇ ಒಳಗೊಳಗೆ ಹಿಗ್ಗಿದೆ.

ಆದರೆ ಮನೆಯೊಳಗೆ ಬೆಳೆದ ಹುಡುಗ ಅಳಿಯನಾದರೆ ಅವನನ್ನು ಅಳಿಯನೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನನಗೆ ತಿಳಿದದ್ದು ಕಿರಿಯವಳ ಮದುವೆಯಾಗಿ ಹಾವೇರಿಯವನು ಮೊದಲ ಸಲ ಮನೆಗೆ ಬಂದ ದಿನ. ಅವನು ಹೊಸ್ತಿಲ ಹತ್ತಿರ ಬಂದ ಕೂಡಲೇ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಬರ್ರಿ, ಬರ್ರಿ. ಕಾಲ ತೊಳಕೊಳ್ರಿ. ಕುಂದ್ರಿ” ಎಂದವಳೇ ನನ್ನ ಕಡೆ ತಿರುಗಿ, “ಲೇ, ನೋಡ್ಕೊಂತ ನಿಂತೀಯಲ್ಲ, ಅಳಿಯಾಂದ್ರಿಗೆ ಚರಿಗಿ ನೀರ ತಂದ ಕೊಡು” ಎಂದಳು.

ನೀರು ತಂದುಕೊಟ್ಟೆ. ಅವನಿಗಾಗಿ ಪೆಟ್ಟಿಗೆಯೊಳಗಿನ ಜಮಖಾನೆ ಹೊರಬಂತು. ಆ ಜಮಖಾನೆಯ ಮೇಲೆ ನಾನು ಒಂದು ದಿನವೂ ಕೂತವನಲ್ಲ. ಅವನ ತಟ್ಟೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಕೆರೆಯಾಗಿ ನಿಂತಿತ್ತು. ನನ್ನ ತಟ್ಟೆಗೆ ಬಂದಾಗ “ನೀ ಬೇಕಾದಷ್ಟು ಹಾಕ್ಕೋಪಾ” ಎಂದು ಡಬ್ಬಿಯನ್ನೇ ಮುಂದಿಟ್ಟಳು. ಡಬ್ಬಿ ಇಡೀ ನನ್ನದೇ ಎಂದು ತಿಳಿಯುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಅವನಿಗೆ ಬಡಿಸಿದಳು, ನನಗೆ ಬಡಿಸಲಿಲ್ಲ. ನನಗೆ ಕಂಡದ್ದು ಅಷ್ಟೇ.

ಅದಿರಲಿ, ಉಂಡು ಮರೆಯುವ ವಿಷಯ. ನನ್ನನ್ನು ಉಂಡದ್ದು ಫೋಟೋದ ವಿಷಯ.

ಊರು ಬಿಟ್ಟು ಹೋಗುತ್ತಿದ್ದ ಮಾಸ್ತರರೊಬ್ಬರಿಂದ ನಾನು ಒಂದು ಹಳೆಯ ಕ್ಯಾಮೆರಾ ಕೊಂಡಿದ್ದೆ. ಕರಿಹಲಗೆಯ ಮೇಲೆ ಪಟ್ಟಿ ಹಿಡಿಯದೆ ಉದ್ದ ಗೆರೆ ಎಳೆದು ಹುಡುಗರಿಂದ ಸೈ ಅನ್ನಿಸಿಕೊಂಡ ಕೈ ನನ್ನದು. ಕ್ಯಾಮೆರಾದ ಗುಂಡಿ ಒತ್ತುವಾಗ ಮಾತ್ರ ಅದಕ್ಕೇನಾಗುತ್ತಿತ್ತೋ, ಬೆರಳು ಒತ್ತುವುದರ ಜೊತೆಗೆ ಮುಂಗೈಯೂ ಕೆಳಗಿಳಿದುಬಿಡುತ್ತಿತ್ತು. ಬಿಸಿಲಲ್ಲಿ ತೆಗೆದದ್ದು ಹೇಗೋ ದಾಟಿಕೊಳ್ಳುತ್ತಿತ್ತು. ಬೆಳಕು ಕಡಿಮೆಯಾಗಿ ಕ್ಯಾಮೆರಾದೊಳಗಿನ ಪರದೆ ನಿಧಾನ ತೆರೆದು ಮುಚ್ಚುವಂತಾದರೆ ಎಲ್ಲ ಕಲಸಿದ ಹಾಗೆ ಬರುತ್ತಿತ್ತು. ರಾಣೇಬೆನ್ನೂರಿನ ಸ್ಟುಡಿಯೋದವನು ಪ್ರಿಂಟುಗಳನ್ನು ಮೇಜಿನ ಮೇಲೆ ಹರವಿ, “ಮಾಸ್ತರ, ಮತ್ತ ಕೈ ಅಳ್ಳಾಡೇತ್ರಿ” ಎನ್ನುತ್ತಿದ್ದ.

ಒಂದು ಸಂಜೆ ಮಾವ ಮೆಣಸಿನಕಾಯಿ ಮಂಡಿಯಿಂದ ಬಂದು ಬಾಗಿಲಲ್ಲಿ ನಿಂತಾಗ ಅವರದೊಂದು ಫೋಟೋ ತೆಗೆದೆ. ಆ ವರ್ಷವೇ ಅವರು ತೀರಿಕೊಂಡರು. ಹುಡುಕಿದರೆ ಮನೆಯಲ್ಲಿ ಅವರೊಬ್ಬರದೇ ಇದ್ದ ಫೋಟೋ ಅದೊಂದೇ. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗಿದರು. ಅಂಗೈಯಗಲದ ಪ್ರಿಂಟಿನಲ್ಲಿ ಕಾಣದಿದ್ದ ನಡುಕ ಗೋಡೆಯ ಮೇಲೆ ಎದ್ದು ನಿಂತಿತು. ಮಾವನ ಹುಬ್ಬು ಎರಡೆರಡು, ಮೀಸೆಯ ತುದಿ ಕಿವಿಯ ತನಕ ಎಳೆದುಕೊಂಡು ಹೋಗಿತ್ತು. ಮಾತಾಡಿಸಲು ಬಂದ ಬಂಧುವೊಬ್ಬರು, “ಅವತ್ತ ಮಂಜ ಬಿದ್ದಿತ್ತೇನ್ರಿ?” ಎಂದು ಕೇಳಿದರು. ಅತ್ತೆ ಮಾತ್ರ ನನ್ನನ್ನು ಬಿಟ್ಟುಕೊಡಲಿಲ್ಲ.

“ಇದ್ದಾಗರ ಒಂದ ಕಡೆ ಎಲ್ಲಿ ನಿಂತಿದ್ರು? ಫೋಟೋದಾಗೂ ಮಂಡಿಗೆ ಓಡಾಕತ್ತಾರ ನೋಡ್ರಿ” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮನೆಗೆ ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡೆ.

ಷಡ್ಡಕನಿಗೂ ಕ್ಯಾಮೆರಾದ ಹುಚ್ಚು ಹತ್ತಿದ್ದು ಇದಾದ ಮೇಲೆ. ನನ್ನನ್ನು ನೋಡಿಯೇ ಹತ್ತಿತು ಎಂದು ಅವನೇ ಎಲ್ಲರೆದುರು ಹೇಳುತ್ತಿದ್ದ. ಅದೂ ನನಗೆ ಚುಚ್ಚುತ್ತಿತ್ತು. ಒಂದು ದೀಪಾವಳಿಗೆ ಅವನು ಉದ್ದನೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದ. ಒಳಗಿಂದ ಬೆಳ್ಳಗೆ ಹೊಳೆಯುವ ಸ್ಟ್ಯಾಂಡು ತೆಗೆದ. ಮುಂಬಯಿಯಲ್ಲಿದ್ದ ಅವನ ಅಣ್ಣ ಕಳಿಸಿದ್ದಂತೆ. ಕಾಲಿನೊಳಗಿಂದ ಕಾಲು, ಆ ಕಾಲಿನೊಳಗಿಂದ ಮತ್ತೊಂದು ಕಾಲು ಎಳೆದ. ಟಕ್ ಟಕ್ ಎಂದು ಬಿಗಿದ. ಮೇಲೆ ಕ್ಯಾಮೆರಾ ಕೂರಿಸಿ ಕೈ ಬಿಟ್ಟ. ಕ್ಯಾಮೆರಾ ತನ್ನಷ್ಟಕ್ಕೆ ತಾನೇ ನಿಂತಿತು. ಅತ್ತೆ ಹತ್ತಿರ ಬಂದು, ಹೊಸ ಕರುವಿನ ಮೈ ಸವರುವ ಹಾಗೆ ಅದರ ಕಾಲು ಸವರಿ ನೋಡಿದಳು. ಅವತ್ತು ಅವನು ತೆಗೆದ ಫೋಟೋಗಳಲ್ಲಿ ದೀಪದ ಕುಡಿಗಳು ಒಂದೊಂದಾಗಿ ಎಣಿಸಬಹುದಾದಂತೆ ಬಂದಿದ್ದವು. ನನ್ನವುಗಳಲ್ಲಿ ದೀಪಗಳೆಲ್ಲ ಹುಳ ಹರಿದ ಹಾಗಿದ್ದವು. ಅಂದಿನಿಂದ ನಾನು ಮನಸ್ಸಿನಲ್ಲಿ ಅವನನ್ನು ಮೂರು ಕಾಲಿನ ಅಳಿಯ ಎಂದು ಕರೆಯತೊಡಗಿದೆ. ಹೆಂಡತಿಯ ಮುಂದೆ ಒಮ್ಮೆ ಬಾಯಿತಪ್ಪಿ ಅಂದೂಬಿಟ್ಟೆ. ಅವಳು ಎರಡು ದಿನ ಮಾತು ಬಿಟ್ಟಳು.

ಹೀಗಿರುವಾಗ ಅತ್ತೆಗೆ ತನ್ನದೂ ಒಂದು ಫೋಟೋ ಬೇಕೆನ್ನಿಸಿತು. “ನನ್ನೂ ಒಂದ ತಗದ ಇಡ್ರಿ. ನಾ ಹೋದ ಮ್ಯಾಲೆ ಅವ್ರ ಬಾಜೂಕ ಹಾಕಾಕ ಬೇಕಾಗ್ತದ” ಎಂದಳು. ಊರಿನ ಸ್ಟುಡಿಯೋಕ್ಕೆ ಹೋಗೋಣವೆಂದರೆ ಒಲ್ಲೆನೆಂದಳು. ಬಣ್ಣದ ಪರದೆಯ ಮುಂದೆ ಪ್ಲಾಸ್ಟಿಕ್ ಹೂವಿನ ಪಕ್ಕ ಕೂರುವುದು ಅವಳಿಗೆ ಒಗ್ಗದ ಮಾತು. ಪಡಸಾಲೆಯ ಕಂಬಕ್ಕೆ ಒರಗಿ ತಾನು ದಿನಾ ಕೂರುವ ಜಾಗದಲ್ಲೇ ತೆಗೆಯಬೇಕು. ಅಲ್ಲಿ ಮೇಲಿನ ಬೆಳಕಿಂಡಿಯಿಂದ ಬೀಳುವಷ್ಟೇ ಬೆಳಕು. ಫ್ಲ್ಯಾಶ್ ಹಾಕಿದರೆ ಅವಳ ಕಣ್ಣುಗಳು ಪ್ರತಿ ಸಲವೂ ಮುಚ್ಚಿಕೊಳ್ಳುತ್ತಿದ್ದವು. ಅಂದಮೇಲೆ ಕ್ಯಾಮೆರಾ ಅಲುಗದೆ ನಿಲ್ಲಲೇಬೇಕು.

ನಾನು ಬಾಯಿ ತೆರೆಯುವುದರೊಳಗೆ ಅತ್ತೆಯೇ ಅಂದಳು: “ಹಾವೇರಿಯವ್ರು ಬಂದಾಗ ತಗೀತಾರ ಬಿಡು. ಅವ್ರ ಹಂತೇಕ ಆ ಮೂರು ಕಾಲಿಂದು ಐತಲ್ಲ.”

ಸಹಜವಾಗಿ ಅಂದ ಮಾತು. ನನ್ನನ್ನು ನೋಯಿಸಬೇಕೆಂದು ಅವಳು ಎಂದೂ ಏನೂ ಅಂದವಳಲ್ಲ. ಆದರೆ ನಾನು ಆಗಲೇ ಗೋಡೆಯ ಲೆಕ್ಕ ಹಾಕತೊಡಗಿದ್ದೆ. ಮಾವನನ್ನು ನಾನು ಕೆಡಿಸಿದೆ, ಅವಳನ್ನು ಅವನು ಚೆನ್ನಾಗಿ ತೆಗೆಯುತ್ತಾನೆ, ಎರಡನ್ನೂ ಒಂದೇ ಗೋಡೆಗೆ ತೂಗುತ್ತಾರೆ, ಬಂದವರೆಲ್ಲ ನೋಡಿ ಇದು ಯಾವ ಅಳಿಯ ತೆಗೆದದ್ದು ಅದು ಯಾವ ಅಳಿಯ ತೆಗೆದದ್ದು ಎಂದು ಕೇಳುತ್ತಾರೆ. ಅತ್ತೆಯ ಫೋಟೋ ನಾನೇ ತೆಗೆಯಬೇಕು, ಅದೂ ಅವನು ಬರುವುದರೊಳಗೆ ಎಂದು ಹಟ ಹಿಡಿದೆ.

ಸ್ಟ್ಯಾಂಡು ಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹುಬ್ಬಳ್ಳಿಯ ಅಂಗಡಿಯ ಗಾಜಿನೊಳಗೆ ಒಂದನ್ನು ನೋಡಿಯೂ ಬಂದಿದ್ದೆ. ಆದರೆ ತಂದರೆ ಅವನನ್ನು ನೋಡಿ ತಂದ ಎನ್ನುತ್ತಾರೆ. ಅವನದನ್ನೇ ಕಡ ಕೇಳುವುದಂತೂ ಸಾಯುವುದಕ್ಕೆ ಸಮ. ನನ್ನ ಕೈಯನ್ನೇ ಪಳಗಿಸುತ್ತೇನೆ ಎಂದುಕೊಂಡೆ.

ರಾಣೇಬೆನ್ನೂರಿನ ಬಾಡಿಗೆ ಮನೆಯಲ್ಲಿ ಒಂದು ತಾಮ್ರದ ಕೊಡವನ್ನು ಅತ್ತೆಯೆಂದು ಭಾವಿಸಿ ಮೂಲೆಯಲ್ಲಿ ಕೂರಿಸಿದೆ. ಬಾಗಿಲ ಚೌಕಟ್ಟಿಗೆ ಭುಜ ಒತ್ತಿ ತೆಗೆದೆ. ನೆಲದ ಮೇಲೆ ಕೂತು ಮೊಣಕೈಗಳನ್ನು ಮೊಣಕಾಲ ಮೇಲೆ ಊರಿ ತೆಗೆದೆ. ಉಸಿರು ಬಿಗಿಹಿಡಿದು ತೆಗೆದೆ. ಹೆಂಡತಿ ಓಡಿಬಂದು “ಉಸರ ಬಿಡ್ರಿ ಮೊದಲ, ಮಾರಿ ಕೆಂಪಗಾಗೇತಿ” ಎಂದು ಬೆನ್ನು ತಟ್ಟಿದಳು. ಸ್ಟುಡಿಯೋದವನು ಹೇಳಿದಂತೆ ಕ್ಯಾಮೆರಾದ ತಳದ ತೂತಿಗೆ ಒಂದು ಸ್ಕ್ರೂ ಹಾಕಿ, ಅದಕ್ಕೆ ಹುರಿ ಕಟ್ಟಿ, ತುದಿಯನ್ನು ಕಾಲಡಿ ಒತ್ತಿಕೊಂಡು ಮೇಲಕ್ಕೆ ಜಗ್ಗಿ ಹಿಡಿದೂ ನೋಡಿದೆ. ಹುರಿ ಬಿಗಿಯಾದರೆ ಕ್ಯಾಮೆರಾ ಅಲುಗುವುದಿಲ್ಲ ಎನ್ನುವುದು ನಿಜವೇ. ಆದರೆ ನನ್ನ ಕಾಲೂ ನಡುಗುತ್ತದೆ ಎಂದು ಗೊತ್ತಾದದ್ದು ಆಗಲೇ. ಪ್ರಿಂಟು ತರಲು ಹೋದರೆ ಸ್ಟುಡಿಯೋದವನು, “ಮಾಸ್ತರ, ಈ ರೋಲ್‌ನಾಗ ಬರೇ ಕೊಡಾನ ಐತಲ್ರಿ” ಎಂದು ಬೆರಗಾದ.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಕ್ಯಾಮೆರಾವನ್ನು ತಲೆದಿಂಬಿನ ಮೇಲೆ ಹುದುಗಿಸಿ ತೆಗೆದದ್ದು. ಆದರೆ ಅರಳೆ ಮೆತ್ತಗೆ, ಕ್ಯಾಮೆರಾ ಮುಂದಕ್ಕೆ ವಾಲುತ್ತಿತ್ತು. ಅರಳೆಯ ಬದಲು ಕಾಳು ತುಂಬಿದರೆ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ ಎಂದು ಹೊಳೆಯಿತು. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹೆಂಡತಿಯಿಂದ ಒಂದು ಪುಟ್ಟ ಚೀಲ ಹೊಲಿಸಿಕೊಂಡೆ. ಕಾಳು ಬ್ಯಾಡಗಿಯಲ್ಲೇ ಸಿಗುತ್ತದೆಂದು ಖಾಲಿ ಚೀಲದೊಂದಿಗೆ ಒಂದು ಭಾನುವಾರ ಗಾಡಿ ಹತ್ತಿದೆ.

ಅದು ಮೆಣಸಿನಕಾಯಿಯ ಸುಗ್ಗಿ. ಅತ್ತೆಯ ಹಿತ್ತಲಲ್ಲಿ ಹೆಂಗಸರು ಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಚಾಪೆಯ ಅಂಚಿನಲ್ಲಿ ಉದುರಿದ ಬೀಜ ಹಳದಿಯಾಗಿ ಗುಡ್ಡೆ ಬಿದ್ದಿತ್ತು. ಜೋಳ ಕೇಳಬೇಕೆಂದು ಬಂದವನು ಆ ಗುಡ್ಡೆ ಕಂಡ ಕೂಡಲೇ ಅದನ್ನೇ ಬಾಚಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಬೇರೆ ಊರಿನವನು ಇಂಥ ಕೆಲಸ ಮಾಡುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಬೆಳೆದವನಿಗೆ ಮೆಣಸಿನ ಬೀಜವೆಂದರೆ ಉಸುಕಿದ್ದ ಹಾಗೆ. ಪರಸ್ಥಳದವರು ಮಂಡಿಯ ಹತ್ತಿರ ಬಂದು ಸೀನತೊಡಗಿದರೆ ನಾವು ಹುಡುಗರು ಅವರ ಹಿಂದೆ ಸೀನುತ್ತ ಅಣಕಿಸಿಕೊಂಡು ಹೋಗುತ್ತಿದ್ದೆವು. ಇಷ್ಟು ವರ್ಷ ರಾಣೇಬೆನ್ನೂರಿನಲ್ಲಿದ್ದು ನನ್ನ ಮೂಗು, ಕಣ್ಣು ಈಗ ಪರಸ್ಥಳದವೇ ಆಗಿವೆ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಕಂಬಕ್ಕೆ ಒರಗಿ ಕೂತಳು. ಎದುರಿಗೆ ಎರಡು ಮಣೆ ಪೇರಿಸಿ, ಮೇಲೆ ಚೀಲವಿಟ್ಟು, ಅದರಲ್ಲಿ ಕ್ಯಾಮೆರಾ ಹುದುಗಿಸಿದೆ. ಕಲ್ಲಿನಂತೆ ಕೂತಿತು. ನನಗೆ ಕುಣಿಯಬೇಕೆನ್ನಿಸಿತು. ನೆಲಕ್ಕೆ ಬೋರಲಾಗಿ, ಕೆನ್ನೆಯನ್ನು ಚೀಲಕ್ಕೆ ಒತ್ತಿ, ಕಣ್ಣನ್ನು ಕ್ಯಾಮೆರಾದ ಕಿಂಡಿಗೆ ಇಟ್ಟೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ಕಣ್ಣಿಗೆ ಹಾಕಿಕೊಂಡು ನೋಡಿ ಯಾರೂ ಹೇಳಿದ್ದಲ್ಲ. ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಒಂದು ಸೀನು, ಅದರ ಹಿಂದೆ ಇನ್ನೊಂದು, ಆಮೇಲೆ ಕಣ್ಣಲ್ಲಿ ಬೆಂಕಿ. ಉಜ್ಜಿಕೊಂಡೆ, ಬೀಜ ಬಾಚಿದ ಕೈಯಿಂದಲೇ ಉಜ್ಜಿಕೊಂಡೆ. ಹಿತ್ತಲಿನ ಹೆಂಗಸರೆಲ್ಲ ಎದ್ದುಬಂದು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆ ನಗಲಿಲ್ಲ. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಾಲಿನಲ್ಲಿ ಅದ್ದಿದ ಅರಿವೆಯನ್ನು ಕಣ್ಣಿನ ಮೇಲಿಟ್ಟಳು. “ಏನ್ ಮಾಡ್ಕೊಂಡಿಪಾ ಹುಚ್ಚಪ್ಯಾಲಿ” ಎಂದು ಊದಿದಳು. ಹೇಳಿದರೆ ನಾಚಿಕೆ, ಆದರೂ ಹೇಳುತ್ತೇನೆ: ಆ ಉರಿ ಬೇಗ ಆರದಿರಲಿ ಎಂದು ಬಯಸಿದೆ. ಹಾವೇರಿಯವನ ತಲೆ ಎಂದೂ ಈ ತೊಡೆಯ ಮೇಲೆ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಅಷ್ಟರಲ್ಲಿ ಅವಳು ಅರಿವೆ ಬದಲಿಸುತ್ತ, “ಸಾಕ ಬಿಡಿನ್ನ. ಹಾವೇರಿಯವ್ರು ಬರೂ ಆಯ್ತವಾರ ಬರ್ತಾರಂತ. ಅವ್ರ ತಗೀಲಿ” ಎಂದಳು. ಕಣ್ಣಿಗಿಂತ ಅದು ಹೆಚ್ಚು ಉರಿಯಿತು.

ಮುಂದಿನ ಭಾನುವಾರ ನಾನು ಹೋಗಬಾರದಿತ್ತು. ಆದರೆ ಅವನು ತೆಗೆಯುವುದನ್ನು ನೋಡದೆ ಮನೆಯಲ್ಲಿ ಕೂರುವ ಶಕ್ತಿ ನನಗಿರಲಿಲ್ಲ. ಕ್ಯಾಮೆರಾವನ್ನೂ ಕೊರಳಿಗೆ ಹಾಕಿಕೊಂಡೇ ಹೋದೆ. ಷಡ್ಡಕ ಆಗಲೇ ಬಂದು ಜಮಖಾನೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅತ್ತೆ ಅದೇ ಸೀರೆ ಉಟ್ಟು ತಯಾರಾಗಿದ್ದಳು. ಅವನು ಎದ್ದು ಸ್ಟ್ಯಾಂಡಿನ ಕಾಲು ಬಿಚ್ಚಿ ನಿಲ್ಲಿಸಿದ. ತನ್ನ ಕ್ಯಾಮೆರಾದ ಚೀಲಕ್ಕೆ ಕೈ ಹಾಕಿದವನು ನನ್ನ ಮುಖ ನೋಡಿದ. ಏನು ಕಂಡಿತೋ, ಕೈ ಹಿಂದಕ್ಕೆ ತೆಗೆದ.

“ಅಣ್ಣಾರ, ನೀವ ತಗೀರಿ. ನಿಮ್ಮನ್ನ ಎತ್ತಿ ಆಡಿಸಿದವ್ರು ಅತ್ತೀಯವ್ರು. ನಿಮ್ಮ ಕ್ಯಾಮೆರಾನ ಇದಕ್ಕ ಹಚ್ಚೂಣು” ಎಂದ.

ಅವನು ಗೆದ್ದು ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊಟ್ಟದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಬೇಡವೆನ್ನಲು ಬಾಯಿ ತೆರೆದೆ, ಕೈ ಆಗಲೇ ಕೊರಳಿನ ಪಟ್ಟಿ ತೆಗೆಯುತ್ತಿತ್ತು. ಅವನೇ ಸ್ಕ್ರೂ ತಿರುಗಿಸಿ ಕೂರಿಸಿದ. ಗುಂಡಿಗೆ ಒಂದು ಸಣ್ಣ ತಂತಿ ಸಿಕ್ಕಿಸಿ ಅದರ ತುದಿಯನ್ನು ನನ್ನ ಕೈಗಿತ್ತ. “ಕ್ಯಾಮೆರಾ ಮುಟ್ಟಬ್ಯಾಡ್ರಿ, ಇದನ್ನ ಒತ್ರಿ ಸಾಕು” ಎಂದ. ನನ್ನ ನಡುಕದ ಕೈಗೆ ಇನ್ನು ಮಾಡಲು ಉಳಿದದ್ದು ಅಷ್ಟೇ.

ಸಾರಿಸಿದ ನೆಲ ಏರುಪೇರಾಗಿತ್ತು. ಒಂದು ಕಾಲು ತಗ್ಗಿನಲ್ಲಿ ನಿಂತು ಸ್ಟ್ಯಾಂಡು ತುಸು ಅಲುಗಿತು. ಅವನು ಹಿಂದೆಮುಂದೆ ನೋಡದೆ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಕುಕ್ಕರಿಸಿ, ಆ ಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ನಾನು ಬಾಗಿ ಕಿಂಡಿಯಲ್ಲಿ ಕಣ್ಣಿಟ್ಟೆ. ಕಂಬ ನೆಟ್ಟಗಿದೆಯೇ, ಸೀರೆಯ ಅಂಚು ಒಳಗೆ ಬಂದಿದೆಯೇ ಎಂದು ನೋಡಿದೆ. ಅತ್ತೆ ಬಿಗುವಾಗಿ ಕೂತಿದ್ದಳು. ಒಮ್ಮೆಲೇ ಅವಳ ಮುಖ ಸಡಿಲಾಯಿತು. ನಗು ಬಂತು. ಇಡೀ ಜೀವಮಾನದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಆ ನಗು ನನ್ನ ಕಡೆಗೇ ಎಂದುಕೊಂಡು ತಂತಿ ಒತ್ತಿದೆ.

ರೋಲು ತೊಳೆಸಿದಾಗ ಸ್ಟುಡಿಯೋದವನು, “ಮಾಸ್ತರ, ಇದು ನಿಮ್ಮ ಕೈ ಅಲ್ಲ ಬಿಡ್ರಿ” ಎಂದ. ದೊಡ್ಡದು ಮಾಡಿಸಿದೆ. ಹಣೆಯ ವಿಭೂತಿಯ ಮೂರು ಗೆರೆ, ಗದ್ದದ ಹಚ್ಚೆಯ ಚುಕ್ಕೆ, ಸೀರೆಯ ಅಂಚಿನ ಎಳೆ ಎಲ್ಲ ಕೈಗೆ ತಾಗುವಂತಿತ್ತು. ಒಂದೊಂದು ಕಣ್ಣಿನಲ್ಲಿ ಬೆಳಕಿಂಡಿಯ ಬಿಳಿ ಚೌಕವೂ ಇತ್ತು. ಮತ್ತು ಆ ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ. ಕ್ಯಾಮೆರಾದ ಪಕ್ಕಕ್ಕೆ, ಕೆಳಗೆ, ಎಂದೂ ನೆಲ ಮುಟ್ಟದ ಅಳಿಯ ನೆಲದ ಮೇಲೆ ಕೂತು ಸ್ಟ್ಯಾಂಡಿನ ಕಾಲು ಅಪ್ಪಿ ಹಿಡಿದಿದ್ದ ಕಡೆಗೆ ನೋಡುತ್ತಿದ್ದವು. ಅವಳು ನಕ್ಕದ್ದು ಅದನ್ನು ಕಂಡು.

ಅತ್ತೆ ತಾನಿರುವಾಗಲೇ ನೋಡಬೇಕೆಂದು ಫೋಟೋವನ್ನು ಮಾವನ ಪಕ್ಕದಲ್ಲಿ ತೂಗಿಸಿದಳು. ಬಂದವರೆಲ್ಲ ಹೊಗಳಿದರು. ಅತ್ತೆ ಪ್ರತಿಯೊಬ್ಬರಿಗೂ, “ನನ್ನ ಮಗ ತಗದದ್ದು. ಅಳಿಯಾಂದ್ರು ಬರೇ ಸ್ಟ್ಯಾಂಡ ಹಿಡದಿದ್ರು” ಎಂದು ಹೇಳುತ್ತಿದ್ದಳು. ಮಗ ಎಂದಳು. ಅಷ್ಟು ಕೇಳಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಉರಿ ತಣ್ಣಗಾಗುತ್ತಿತ್ತು. ನನ್ನ ದೃಷ್ಟಿ ಮಾತ್ರ ಆ ಕಣ್ಣಿಗೇ ಹೋಗಿ ನಿಲ್ಲುತ್ತಿತ್ತು. ಸ್ವಲ್ಪ ಅಲುಗಿದ್ದರೂ ನೋಟ ಯಾವ ಕಡೆಗಿದೆ ಎಂದು ತಿಳಿಯುತ್ತಿರಲಿಲ್ಲ, ನನ್ನ ಕಡೆಗೇ ಎಂದು ನಂಬಿಕೊಂಡು ಇದ್ದುಬಿಡುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ಅತ್ತೆ ಹೋದಳು. ದಿನಗಳೆಲ್ಲ ಮುಗಿದು ಬಂಧುಗಳು ಊರಿಗೆ ತೆರಳಿದ ಮೇಲೆ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನಾನೊಬ್ಬನೇ ಇದ್ದೆ. ಹೊಸ ಹಾರ ಹಾಕಿದ ಆ ಫೋಟೋವನ್ನು ಗೋಡೆಯಿಂದ ಇಳಿಸಿ, ಅವಳು ಕೂರುತ್ತಿದ್ದ ಜಾಗದಲ್ಲಿ ಕಂಬಕ್ಕೆ ಒರಗಿಸಿ ಇಟ್ಟೆ. ನಾನು ಅವತ್ತು ನಿಂತಿದ್ದ ಜಾಗದಲ್ಲಿ ನಿಂತೆ. ಅವಳು ಪಕ್ಕಕ್ಕೆ ನೋಡುತ್ತಿದ್ದಳು. ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವನು ಕೂತಿದ್ದ ತಗ್ಗಿನ ಹತ್ತಿರ ಹೋಗಿ ಅವನಂತೆಯೇ ಕುಕ್ಕರಗಾಲಲ್ಲಿ ಕೂತು ತಲೆ ಎತ್ತಿದೆ. ಅಲ್ಲಿಂದಲೂ ಅವಳು ನನ್ನನ್ನು ದಾಟಿ ಇನ್ನೂ ಆಚೆಗೇ ನೋಡಿ ನಗುತ್ತಿದ್ದಳು.